ಚುನಾವಣೆ ಬಂದರೆ ಮನೆಯವರೂ ಎದುರಾಳಿಗಳಾಗುವುದೇಕೆ? ಫಾರ್ವರ್ಡ್ ಒತ್ತುವ ಮುನ್ನ ತಿಳಿಯಬೇಕಾದ ವಿಜ್ಞಾನ, ಕಾನೂನು

ಚುನಾವಣೆಯ ದಿನಾಂಕ ಘೋಷಣೆಯಾಗುತ್ತದೆ. ಅಲ್ಲಿಯವರೆಗೆ ಶುಭೋದಯ, ಹುಟ್ಟುಹಬ್ಬದ ಹಾರೈಕೆ, ಮದುವೆ ಫೋಟೋಗಳಿಂದ ತುಂಬಿದ್ದ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂದು ಬೀಳುತ್ತದೆ. ಚಿಕ್ಕಪ್ಪ ಹಾಕಿದ ವಿಡಿಯೋಗೆ ಅಣ್ಣನ ಮಗ ನಗುವ ಎಮೋಜಿ ಒತ್ತುತ್ತಾನೆ. ಅರ್ಧ ಗಂಟೆಯಲ್ಲಿ "ಭಕ್ತ", "ಗುಲಾಮ", "ದೇಶದ್ರೋಹಿ" ಎಲ್ಲವೂ ಬಂದು ಹೋಗಿರುತ್ತವೆ. ಸಂಜೆಯ ಹೊತ್ತಿಗೆ ಇಬ್ಬರು ಗ್ರೂಪ್ ಬಿಟ್ಟಿರುತ್ತಾರೆ. ಮುಂದಿನ ಹಬ್ಬಕ್ಕೆ ಒಬ್ಬರು ಬಂದರೆ ಇನ್ನೊಬ್ಬರು ಬರುವುದಿಲ್ಲ.

ಇದನ್ನು ಕೇಳಿದರೆ ಎರಡೂ ಕಡೆಯವರು ಕೊಡುವ ಉತ್ತರ ಒಂದೇ: "ನನ್ನದು ವಿಚಾರದ ಜಗಳ. ಅವರಿಗೆ ಸತ್ಯ ಗೊತ್ತಿಲ್ಲ. ಗೊತ್ತಾದರೆ ಸರಿಹೋಗುತ್ತಾರೆ." ಈ ನಂಬಿಕೆ ಎಷ್ಟು ನಿಜ? ಮನಶ್ಶಾಸ್ತ್ರ ಮತ್ತು ರಾಜ್ಯಶಾಸ್ತ್ರದ ಸಂಶೋಧಕರು ಎಪ್ಪತ್ತು ವರ್ಷಗಳಿಂದ ಇದನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ಚುನಾವಣೆ ಹೊತ್ತಿನ ಹಗೆತನದಲ್ಲಿ ವಿಚಾರದ ಪಾಲು ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ, "ನಮ್ಮವರು-ಅವರು" ಎಂಬ ಭಾವನೆಯ ಪಾಲು ಬಹಳ ಹೆಚ್ಚು ಎಂಬುದು ಅವರ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಇನ್ನೊಂದು ಸಂಗತಿಯೂ ಇದೆ. ಈ ಹಗೆತನ ಋತುಮಾನದ ಜ್ವರದ ಹಾಗೆ ಏರುತ್ತದೆ, ಇಳಿಯುತ್ತದೆ. ಆದರೆ ಜ್ವರದಲ್ಲಿ ಆಡಿದ ಮಾತು, ಹಾಕಿದ ಪೋಸ್ಟ್, ಬಿದ್ದ ಪೊಲೀಸ್ ಕೇಸು ಜ್ವರದ ಜೊತೆ ಇಳಿಯುವುದಿಲ್ಲ.

ಗುಂಪು ಕಟ್ಟಲು ಎಷ್ಟು ಕಾರಣ ಬೇಕು?

ಹೆನ್ರಿ ತಾಜ್‌ಫೆಲ್ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಸೇನೆಯಲ್ಲಿದ್ದು ಜರ್ಮನರ ಕೈಗೆ ಸೆರೆಸಿಕ್ಕವರು. ಯುದ್ಧ ಮುಗಿದು ಬಂದಾಗ ಅವರ ಮನೆಯವರು ಬಹುತೇಕ ಯಾರೂ ಉಳಿದಿರಲಿಲ್ಲ. ಮನುಷ್ಯ ಮನುಷ್ಯನನ್ನು ಗುಂಪಿನ ಹೆಸರಿನಲ್ಲಿ ದ್ವೇಷಿಸಲು ಕನಿಷ್ಠ ಎಷ್ಟು ಕಾರಣ ಬೇಕು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 14-15 ವರ್ಷದ ಶಾಲಾ ಹುಡುಗರ ಮೇಲೆ ಅವರು ನಡೆಸಿದ ಪ್ರಯೋಗ 1970ರಲ್ಲಿ ಪ್ರಕಟವಾಯಿತು. ಹುಡುಗರಿಗೆ ಇಬ್ಬರು ಚಿತ್ರಕಾರರ ಚಿತ್ರಗಳನ್ನು ತೋರಿಸಿ ಯಾವುದು ಇಷ್ಟ ಎಂದು ಕೇಳಿದರು. ಆಮೇಲೆ "ನೀನು ಈ ಚಿತ್ರಕಾರನ ಗುಂಪು, ಅವನು ಆ ಚಿತ್ರಕಾರನ ಗುಂಪು" ಎಂದರು. ನಿಜದಲ್ಲಿ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ, ಯಾವ ಲೆಕ್ಕವೂ ಇಲ್ಲದೆ. ಯಾರು ಯಾವ ಗುಂಪು ಎಂಬುದು ಹುಡುಗರಿಗೆ ಪರಸ್ಪರ ಗೊತ್ತಿರಲಿಲ್ಲ. ಆಮೇಲೆ ಹಣ ಹಂಚಲು ಹೇಳಿದರು, ತಮಗಲ್ಲ, ಹೆಸರು ಗೊತ್ತಿಲ್ಲದ ಬೇರೆ ಹುಡುಗರಿಗೆ. ಹುಡುಗರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು. ಇದು ಊಹಿಸಬಹುದಾದದ್ದೇ. ತಾಜ್‌ಫೆಲ್ ಅವರನ್ನು ಬೆಚ್ಚಿಬೀಳಿಸಿದ್ದು ಬೇರೆ. ತಮ್ಮ ಗುಂಪಿಗೆ ಒಟ್ಟಿನಲ್ಲಿ ಹೆಚ್ಚು ಹಣ ಸಿಗುವ ದಾರಿ ಇದ್ದಾಗಲೂ, "ನಮಗೆ ಸ್ವಲ್ಪ ಕಡಿಮೆಯಾದರೂ ಸರಿ, ಅವರಿಗಿಂತ ನಾವು ಮೇಲಿರಬೇಕು" ಎಂಬ ಲೆಕ್ಕವನ್ನು ಅನೇಕರು ಆರಿಸಿಕೊಂಡರು.

ಇದಕ್ಕೆ ನಮ್ಮ ಊರುಗಳಲ್ಲೇ ಸಾಕ್ಷಿ ಇದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಎಡ-ಬಲ ಸಿದ್ಧಾಂತದ ಪ್ರಶ್ನೆ ಅಲ್ಲಿಲ್ಲ. ಇಬ್ಬರು ಅಭ್ಯರ್ಥಿಗಳೂ ಹೇಳುವುದು ಚರಂಡಿ, ನಲ್ಲಿ ನೀರು, ಬೀದಿ ದೀಪ. ಆದರೂ ಜಿದ್ದಾಜಿದ್ದಿ ಎಂದರೆ ಹೇಗಿರುತ್ತದೆ ಎಂದು ಹಳ್ಳಿಯ ಹಿರಿಯರನ್ನು ಕೇಳಿ. ಲೋಕಸಭೆ ಚುನಾವಣೆಗಿಂತ ಪಂಚಾಯಿತಿ ಎಲೆಕ್ಷನ್ನಿನ ಹಗೆಯೇ ಹೆಚ್ಚು ದಿನ ಉಳಿಯಿತು ಎನ್ನುವವರು ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತಾರೆ. ಹಳ್ಳಿಯ ಮಾತಿನಲ್ಲಿ "ಪಾರ್ಟಿ" ಎಂದರೆ ರಾಜಕೀಯ ಪಕ್ಷ ಮಾತ್ರವಲ್ಲ, ಊರಿನ ಬಣ ಕೂಡ. ಈ ವಿಷಯದಲ್ಲಿ ಹಳ್ಳಿಯ ಭಾಷೆ ವಿಜ್ಞಾನಕ್ಕಿಂತ ಮೊದಲೇ ಸರಿಯಾಗಿತ್ತು ಎನ್ನಬೇಕು.

ವಿಚಾರದ ಅಂತರ ಹೆಚ್ಚಾಗದೆಯೂ ದ್ವೇಷ ಹೆಚ್ಚಾಗಬಹುದು ಎಂಬುದಕ್ಕೆ ಅಮೆರಿಕದಲ್ಲಿ ಒಂದು ಒಳ್ಳೆಯ ಅಳತೆ ಇದೆ. "ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವೇ?" ಎಂದು 1960ರಲ್ಲಿ ಕೇಳಿದಾಗ ಹೌದು ಎಂದವರು ನೂರಕ್ಕೆ ಸುಮಾರು 5 ಮಂದಿ. 2010ರ ಹೊತ್ತಿಗೆ ರಿಪಬ್ಲಿಕನ್ ಬೆಂಬಲಿಗರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಟಿಕ್ ಬೆಂಬಲಿಗರಲ್ಲಿ ಮೂರನೇ ಒಂದರಷ್ಟು ಜನ ಹೌದು ಎಂದರು. ಶಾಂತೋ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಈ ಅಂಕಿಗಳನ್ನು ಮುಂದಿಟ್ಟು, ಅಲ್ಲಿ ಬೆಳೆದಿರುವುದು ಮುಖ್ಯವಾಗಿ ನೀತಿಯ ಭಿನ್ನಾಭಿಪ್ರಾಯವಲ್ಲ, ಎದುರು ಪಕ್ಷದವರ ಮೇಲಿನ ಅಸಹ್ಯ ಎಂದು ವಾದಿಸಿದರು. ನಮ್ಮಲ್ಲಿ ಸಂಬಂಧ ನೋಡುವಾಗ ಜಾತಿ, ಗೋತ್ರ, ಜಾತಕ ಕೇಳುತ್ತಾರೆ. ಪಕ್ಷ ಇನ್ನೂ ಆ ಪಟ್ಟಿಗೆ ಸೇರಿಲ್ಲ, ಅದೇ ಪುಣ್ಯ.

ಒಂದೇ ವಿಡಿಯೋ, ಎರಡು ಕಥೆ

"ವಿಡಿಯೋ ಕಣ್ಣೆದುರೇ ಇದೆ, ಅವನಿಗೆ ಕಾಣುವುದಿಲ್ಲವೇ?" ಇದು ಗ್ರೂಪಿನ ಜಗಳದಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಉತ್ತರ: ಕಾಣುತ್ತದೆ, ಬೇರೆಯ ಹಾಗೆ ಕಾಣುತ್ತದೆ.

1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಆಟ ಒರಟಾಗಿತ್ತು. ಪ್ರಿನ್ಸ್‌ಟನ್‌ನ ಪ್ರಮುಖ ಆಟಗಾರನ ಮೂಗು ಮುರಿಯಿತು, ಡಾರ್ಟ್‌ಮತ್ ಆಟಗಾರನೊಬ್ಬನ ಕಾಲು ಮುರಿಯಿತು. ಆಲ್ಬರ್ಟ್ ಹೇಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಇಬ್ಬರು ಸಂಶೋಧಕರು ಆ ಪಂದ್ಯದ ಒಂದೇ ಚಿತ್ರಸುರುಳಿಯನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನೆಲ್ಲ ಗುರುತಿಸಿ ಎಂದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡದ್ದಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು ಕಂಡವು. ಯಾರೂ ಬೇಕೆಂದೇ ಸುಳ್ಳು ಹೇಳುತ್ತಿರಲಿಲ್ಲ. ಆರ್‌ಸಿಬಿ ಪಂದ್ಯದಲ್ಲಿ ಅಂಪೈರ್ ತೀರ್ಪು ಬಂದಾಗ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಗುವುದೂ ಇದೇ ತಾನೇ.

ಯೋಜನೆಗಳ ವಿಷಯದಲ್ಲೂ ಹೀಗೆಯೇ. ಜೆಫ್ರಿ ಕೊಹೆನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಬಡವರ ನೆರವಿನ ಯೋಜನೆಯೊಂದನ್ನು ಓದಲು ಕೊಟ್ಟರು. ಕೆಲವರಿಗೆ ಧಾರಾಳ ಯೋಜನೆ, ಕೆಲವರಿಗೆ ಬಿಗಿಯಾದ ಯೋಜನೆ. ಪಕ್ಷದ ಹೆಸರಿಲ್ಲದಿದ್ದಾಗ ಅವರವರ ಸಿದ್ಧಾಂತಕ್ಕೆ ತಕ್ಕಂತೆ ಉತ್ತರ ಬಂತು. "ಇದನ್ನು ನಿಮ್ಮ ಪಕ್ಷ ಬೆಂಬಲಿಸಿದೆ" ಎಂಬ ಒಂದು ಸಾಲು ಸೇರಿಸಿದೊಡನೆ, ಯೋಜನೆಯ ಒಳಗೆ ಏನಿದ್ದರೂ ಒಪ್ಪಿಗೆ ಬಂತು. ಕೇಳಿದರೆ, ಪಕ್ಷ ನೋಡಿ ನಿರ್ಧರಿಸಲಿಲ್ಲ, ಯೋಜನೆಯನ್ನು ಓದಿಯೇ ನಿರ್ಧರಿಸಿದೆವು ಎಂದರು. ಎದುರು ಪಕ್ಷದವರು ಮಾತ್ರ ಪಕ್ಷ ನೋಡಿ ಹೇಳುತ್ತಾರೆ ಎಂದೂ ಸೇರಿಸಿದರು.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ನಮ್ಮ ಪಕ್ಷ ಜನರಿಗೆ ಹಣ ಕೊಟ್ಟರೆ ಅದು "ಕಲ್ಯಾಣ ಯೋಜನೆ". ಅವರು ಕೊಟ್ಟರೆ "ಬಿಟ್ಟಿ ಭಾಗ್ಯ". ನಮ್ಮ ಕಡೆಗೆ ಶಾಸಕ ಬಂದರೆ "ಘರ್ ವಾಪ್ಸಿ" ಅಥವಾ "ಆತ್ಮಸಾಕ್ಷಿ". ಅವರ ಕಡೆಗೆ ಹೋದರೆ "ಕುದುರೆ ವ್ಯಾಪಾರ". ಒಂದು ಸುದ್ದಿ ಬಂದಾಗ ಪಕ್ಷದ ಹೆಸರನ್ನು ಅದಲು ಬದಲು ಮಾಡಿ ಓದಿ ನೋಡಿ. ಸಿಟ್ಟು ಅಷ್ಟೇ ಬಂದರೆ ಅದು ವಿಚಾರದ ಸಿಟ್ಟು.

ಚುನಾವಣೆ ಹೊತ್ತಿನಲ್ಲೇ ಏಕೆ?

ಇದಕ್ಕೆ ಬಹಳ ಚೆಂದದ ಉತ್ತರ ಸಿಕ್ಕಿದ್ದು ಆಫ್ರಿಕದ ಘಾನಾ ದೇಶದ ಟ್ಯಾಕ್ಸಿಗಳಿಂದ. ಅಲ್ಲಿನ ಆಕ್ರಾ ನಗರದಲ್ಲಿ ಮೀಟರ್ ಇಲ್ಲ, ಚೌಕಾಸಿ ಮಾಡಿಯೇ ಹತ್ತಬೇಕು. ನಮ್ಮ ಆಟೋಗಳಂತೆಯೇ ಎಂದುಕೊಳ್ಳಿ. 2008ರ ಅಧ್ಯಕ್ಷೀಯ ಚುನಾವಣೆಯ ಆಸುಪಾಸಿನಲ್ಲಿ ಸಂಶೋಧಕಿ ಕ್ರಿಸ್ಟಿನ್ ಮಿಷೆಲಿಚ್ ಪ್ರಯಾಣಿಕರನ್ನು ಕಳಿಸಿ ಯಾರಿಗೆ ಎಷ್ಟು ಬಾಡಿಗೆ ಹೇಳುತ್ತಾರೆ ಎಂದು ನೋಡಿದರು. ತಮ್ಮ ಬುಡಕಟ್ಟಿನವರಿಗೆ ಚಾಲಕರು ಸ್ವಲ್ಪ ಕಡಿಮೆ ಮಾಡುವುದು ಎಲ್ಲ ಕಾಲದಲ್ಲೂ ಇತ್ತು. ಆದರೆ ಪಕ್ಷ ನೋಡಿ ಬಾಡಿಗೆ ಏರಿಳಿಸುವುದು ಕಂಡದ್ದು ಚುನಾವಣೆ ಹೊತ್ತಿನಲ್ಲಿ ಮಾತ್ರ. ಅದೇ ಚಾಲಕರು, ಅದೇ ರಸ್ತೆ, ಅದೇ ದೂರ. ಚುನಾವಣೆ ದೂರವಿದ್ದಾಗ ಪ್ರಯಾಣಿಕನ ಪಕ್ಷ ಯಾವುದು ಎಂಬುದು ಅವರಿಗೆ ಬೇಕಿರಲಿಲ್ಲ.

40ಕ್ಕೂ ಹೆಚ್ಚು ದೇಶಗಳಲ್ಲಿ ಚುನಾವಣೆಯ ನಂತರ ನಡೆದ ಸಮೀಕ್ಷೆಗಳನ್ನು ಒಟ್ಟಿಗೆ ನೋಡಿದ ಅಧ್ಯಯನವೊಂದು 2021ರಲ್ಲಿ ಬಂತು. ಮತದಾನ ಮುಗಿದು ದಿನ ಕಳೆದಂತೆಲ್ಲ ಎದುರು ಪಕ್ಷದವರ ಮೇಲಿನ ಕಹಿ ಇಳಿಯುತ್ತಾ ಹೋಗುತ್ತದೆ ಎಂಬುದು ಅದರ ಮುಖ್ಯ ಫಲಿತಾಂಶ. ಪ್ರಚಾರ ಜೋರಾದಾಗ ಇಡೀ ಸಮಾಜ ಎರಡೋ ಮೂರೋ ತಂಡಗಳಾಗಿ ಕಾಣತೊಡಗುತ್ತದೆ. ಬೇರೆ ದಿನಗಳಲ್ಲಿ ನೀವು ರೈತ, ನರ್ಸ್, ಅಂಗಡಿಯವರು, ಅತ್ತೆ, ಸೋದರಮಾವ ಎಲ್ಲವೂ ಆಗಿರುತ್ತೀರಿ. ಆ ಒಂದೂವರೆ ತಿಂಗಳು ನಿಮಗೆ ಒಂದೇ ಗುರುತು.

ಕುಟುಂಬದೊಳಗೆ ಇದರ ಬೆಲೆ ಎಷ್ಟು ಎಂಬುದನ್ನೂ ಅಳೆದಿದ್ದಾರೆ. 2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಮುಗಿದ ಎರಡೇ ವಾರಕ್ಕೆ ಥ್ಯಾಂಕ್ಸ್‌ಗಿವಿಂಗ್ ಬಂತು. ನಮ್ಮ ಯುಗಾದಿ, ದೀಪಾವಳಿಯ ಹಾಗೆ ಮನೆಮಂದಿ ಸೇರಿ ಉಣ್ಣುವ ಹಬ್ಬ. ಕೀತ್ ಚೆನ್ ಮತ್ತು ರೈನ್ ರೋಲಾ ಮೊಬೈಲ್ ಫೋನುಗಳ ಸ್ಥಳದ ಮಾಹಿತಿ ಹಿಡಿದು, ಯಾವ ಪ್ರದೇಶದ ಜನ ಯಾವ ಪ್ರದೇಶಕ್ಕೆ ಊಟಕ್ಕೆ ಹೋದರು, ಎಷ್ಟು ಹೊತ್ತು ಇದ್ದರು ಎಂದು ಲೆಕ್ಕ ಹಾಕಿದರು. ಎದುರು ಪಕ್ಷದ ಕಡೆಗೆ ವಾಲಿದ ಪ್ರದೇಶಕ್ಕೆ ಹೋದವರು ಉಳಿದವರಿಗಿಂತ 30ರಿಂದ 50 ನಿಮಿಷ ಮೊದಲೇ ಎದ್ದು ಬಂದಿದ್ದರು. ಪ್ರಚಾರದ ಜಾಹೀರಾತು ಹೆಚ್ಚು ಬಿದ್ದ ಕಡೆ ಊಟ ಇನ್ನೂ ಚಿಕ್ಕದಾಗಿತ್ತು.

ಜ್ವರ ಇಳಿದ ಮೇಲೆ ನಾಯಕರು ಏನು ಮಾಡುತ್ತಾರೆ ಎಂಬುದಕ್ಕೆ ಕರ್ನಾಟಕಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಪರಸ್ಪರ ಎದುರಾಳಿಗಳು. ಫಲಿತಾಂಶ ಬಂದು ಕೆಲವೇ ದಿನಕ್ಕೆ ಇಬ್ಬರೂ ಸೇರಿ ಸರ್ಕಾರ ಮಾಡಿದರು. 2019ರಲ್ಲಿ ಆ ಎರಡು ಪಕ್ಷಗಳ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟರು. ಅವರಲ್ಲಿ ಬಹುತೇಕರು ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯ ಚಿಹ್ನೆಯ ಮೇಲೆ ನಿಂತರು. 2023ರ ಮೇ ತಿಂಗಳಲ್ಲಿ ಬಿಜೆಪಿ ಮತ್ತು ಜೆಡಿಎಸ್ ಬೇರೆ ಬೇರೆಯಾಗಿ ಕಣದಲ್ಲಿದ್ದವು. ಅದೇ ಸೆಪ್ಟೆಂಬರಿನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು. ಮೈತ್ರಿ ಸರಿಯೋ ತಪ್ಪೋ ಎಂಬುದು ಬೇರೆ ಮಾತು, ರಾಜಕೀಯದಲ್ಲಿ ಅದು ಇದ್ದದ್ದೇ. ಆದರೆ ಮೇ ತಿಂಗಳಲ್ಲಿ ಆ ಪಕ್ಷಕ್ಕಾಗಿ ಮಾತು ಬಿಟ್ಟ ಭಾವ-ಮೈದುನರ ಗತಿ ಏನು? ಅವರನ್ನು ಒಂದೇ ವೇದಿಕೆಗೆ ಕರೆದು ಕೈ ಎತ್ತಿಸುವವರು ಯಾರೂ ಇರುವುದಿಲ್ಲ.

"ಅವರೆಲ್ಲ ಹಾಗೇ" ಎನ್ನುವ ಚಿತ್ರ ಎಲ್ಲಿಂದ ಬರುತ್ತದೆ?

ನಾವು ದ್ವೇಷಿಸುವ ಎದುರಾಳಿ ಬಹುಪಾಲು ನಮ್ಮ ತಲೆಯೊಳಗಿನವನು. ಡಗ್ಲಸ್ ಆಲರ್ ಮತ್ತು ಗೌರವ್ ಸೂದ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕನ್ನರನ್ನು ಎದುರು ಪಕ್ಷದ ಬೆಂಬಲಿಗರ ಬಗ್ಗೆ ಅಂದಾಜು ಹೇಳಿ ಎಂದರು. ರಿಪಬ್ಲಿಕನ್ ಬೆಂಬಲಿಗರಲ್ಲಿ ವರ್ಷಕ್ಕೆ 2.5 ಲಕ್ಷ ಡಾಲರಿಗಿಂತ ಹೆಚ್ಚು ದುಡಿಯುವ ಸಿರಿವಂತರು ಎಷ್ಟು ಎಂದು ಕೇಳಿದಾಗ ಡೆಮಾಕ್ರಟರ ಸರಾಸರಿ ಅಂದಾಜು ನೂರಕ್ಕೆ 44. ನಿಜ ಲೆಕ್ಕ ನೂರಕ್ಕೆ 2. ರಿಪಬ್ಲಿಕನ್ನರು ಡೆಮಾಕ್ರಟರ ಬಗ್ಗೆ ಹೇಳಿದ ಅಂದಾಜುಗಳೂ ಇಷ್ಟೇ ದೂರ ಇದ್ದವು. ರಾಜಕೀಯ ಸುದ್ದಿಯನ್ನು ಹೆಚ್ಚು ನೋಡುವವರ ಅಂದಾಜು ಇನ್ನೂ ಹೆಚ್ಚು ತಪ್ಪಾಗಿತ್ತು. ಸುದ್ದಿ ನೋಡಿದಷ್ಟೂ ತಿಳಿವಳಿಕೆ ಹೆಚ್ಚುತ್ತದೆ ಎಂಬ ಮಾತು ಈ ಒಂದು ವಿಷಯದಲ್ಲಿ ಸುಳ್ಳಾಯಿತು. ಪರದೆಯ ಮೇಲೆ ಬರುವುದು ಎದುರು ಪಕ್ಷದ ಸಾಮಾನ್ಯ ಬೆಂಬಲಿಗನಲ್ಲ, ಕಿರುಚುವವನು. ಆ ಪಕ್ಷಕ್ಕೆ ಮತ ಹಾಕಿ, ಸ್ಟೇಟಸ್ ಹಾಕದೆ ಹಾಲು ಕರೆಯಲು ಹೋದವನು ಯಾವ ವಿಡಿಯೋದಲ್ಲೂ ಇಲ್ಲ.

ಇಲ್ಲಿ ಫಾರ್ವರ್ಡ್‌ನ ಪಾತ್ರ ದೊಡ್ಡದು. ಸ್ಟೀವ್ ರಾತ್ಜೆ ಮತ್ತು ಸಂಗಡಿಗರು ಅಮೆರಿಕದ ಸುದ್ದಿಸಂಸ್ಥೆಗಳು ಮತ್ತು ರಾಜಕಾರಣಿಗಳ ಲಕ್ಷಾಂತರ ಫೇಸ್‌ಬುಕ್, ಟ್ವಿಟರ್ ಪೋಸ್ಟ್‌ಗಳನ್ನು ಪರಿಶೀಲಿಸಿ 2021ರಲ್ಲಿ ಹೇಳಿದ್ದು: ಎದುರು ಗುಂಪನ್ನು ಹೆಸರಿಸುವ ಒಂದೊಂದು ಪದ ಸೇರಿದಾಗಲೂ ಪೋಸ್ಟ್ ಹಂಚಿಕೆಯಾಗುವ ಸಾಧ್ಯತೆ ಸುಮಾರು ಶೇ 67ರಷ್ಟು ಏರುತ್ತಿತ್ತು. ತಮ್ಮ ಪಕ್ಷವನ್ನು ಹೊಗಳಿದ್ದಕ್ಕಿಂತ ಅವರನ್ನು ತೆಗಳಿದ್ದು ಹೆಚ್ಚು ಓಡಿತು. ಟ್ವಿಟರ್‌ನಲ್ಲಿ ಸುಮಾರು 1,26,000 ಸುದ್ದಿಗಳ ಹಾದಿ ಹಿಡಿದು ನೋಡಿದ ಎಂಐಟಿಯ ಅಧ್ಯಯನ (2018) ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಸುಳ್ಳುಗಳಲ್ಲೇ ಬಹಳ ವೇಗವಾಗಿ ಓಡಿದ್ದು ರಾಜಕೀಯದ ಸುಳ್ಳು. ಓಡಿಸಿದ್ದು ಯಂತ್ರಗಳಲ್ಲ, ಮುಖ್ಯವಾಗಿ ಮನುಷ್ಯರು.

ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಇರುವ ಸಂದೇಶ ನೋಡಿರುತ್ತೀರಿ. ಅದು ನಿಮಗೆ ತಲುಪುವ ಮೊದಲು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. 2020ರ ಏಪ್ರಿಲ್‌ನಿಂದ ಇಂಥ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಮಾತ್ರ ಕಳಿಸಲು ಸಾಧ್ಯ. ಈ ಮಿತಿ ಬಂದ ಮೇಲೆ ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿದೆ. ಎರಡು ಬಾಣ ಇದ್ದ ಮಾತ್ರಕ್ಕೆ ಸಂದೇಶ ಸುಳ್ಳು ಎಂದಲ್ಲ. ಆದರೆ "ನನ್ನ ಗೆಳೆಯ ಅಲ್ಲೇ ಇದ್ದ, ಅವನೇ ಕಳಿಸಿದ್ದು" ಎಂಬ ಬರಹದ ಮೇಲೆ ಎರಡು ಬಾಣ ಕಂಡರೆ, ಆ ಗೆಳೆಯ ಯಾರ ಗೆಳೆಯ ಎಂದು ಕೇಳಲೇಬೇಕು.

ಮದ್ದು ಎಂದು ಹೇಳುವ ಕೆಲವು ಮಾತುಗಳು ಎಷ್ಟು ನಿಜ?

"ಎರಡೂ ಕಡೆಯ ಪೋಸ್ಟ್ ನೋಡಿದರೆ ಮನಸ್ಸು ತಿಳಿಯಾಗುತ್ತದೆ" ಎನ್ನುತ್ತಾರೆ. ಕ್ರಿಸ್ ಬೇಲ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಟ್ವಿಟರ್ ಬಳಕೆದಾರರಿಗೆ ಹಣ ಕೊಟ್ಟು ಒಂದು ತಿಂಗಳು ಎದುರು ಪಕ್ಷದ ಸಂದೇಶಗಳನ್ನು ಓದಿಸಿದರು. 2018ರಲ್ಲಿ ಬಂದ ಫಲಿತಾಂಶ ಉಲ್ಟಾ: ರಿಪಬ್ಲಿಕನ್ ಬೆಂಬಲಿಗರು ತಮ್ಮ ನಿಲುವಿನಲ್ಲಿ ಇನ್ನೂ ಗಟ್ಟಿಯಾದರು. ಡೆಮಾಕ್ರಟರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಎದುರು ಪಕ್ಷದ ನಾಯಕರ ಪೋಸ್ಟ್ ಓದುವುದು ಬೇರೆ, ಎದುರು ಪಕ್ಷದ ಮನುಷ್ಯನ ಜೊತೆ ಕೂರುವುದು ಬೇರೆ.

"ಸತ್ಯ ತೋರಿಸಿದರೆ ಇನ್ನೂ ಹಟ ಹಿಡಿಯುತ್ತಾರೆ, ಹೇಳಿ ಪ್ರಯೋಜನವಿಲ್ಲ" ಎಂಬುದು ಇನ್ನೊಂದು ಜನಪ್ರಿಯ ಮಾತು. 2010ರ ಒಂದು ಅಧ್ಯಯನದಿಂದ ಇದು ಬಹಳ ಪ್ರಚಾರ ಪಡೆಯಿತು. ಆದರೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 10,000ಕ್ಕೂ ಹೆಚ್ಚು ಜನರ ಮೇಲೆ 52 ವಿಷಯಗಳನ್ನು ಇಟ್ಟು ಪರೀಕ್ಷಿಸಿದಾಗ ಆ ಹಟ ಕಾಣಿಸಲೇ ಇಲ್ಲ. ಸರಿಯಾದ ಮಾಹಿತಿ ಕೊಟ್ಟರೆ ಸಾಮಾನ್ಯವಾಗಿ ಜನ ಆ ಒಂದು ಸಂಗತಿಯನ್ನು ತಿದ್ದಿಕೊಳ್ಳುತ್ತಾರೆ. ಹಾಗೆಂದು ನಾಯಕನ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ, ಮತವೂ ಬದಲಾಗುವುದಿಲ್ಲ. ಆದ್ದರಿಂದ ಗ್ರೂಪಿನಲ್ಲಿ ಸುಳ್ಳು ವಿಡಿಯೋ ಬಂದರೆ ಇದು ಹಳೆಯದು, ಬೇರೆ ರಾಜ್ಯದ್ದು ಎಂದು ತಣ್ಣಗೆ ಒಂದು ಸಾಲು ಹಾಕುವುದು ವ್ಯರ್ಥವಲ್ಲ. ಅದರಿಂದ ಮಾವ ಪಕ್ಷ ಬಿಡುತ್ತಾರೆ ಎಂದು ಕಾಯುವುದು ವ್ಯರ್ಥ.

ಫೋನ್ ಬದಿಗಿಡುವುದು? 2018ರ ಅಮೆರಿಕದ ಮಧ್ಯಂತರ ಚುನಾವಣೆಗೆ ಮೊದಲು ನಾಲ್ಕು ವಾರ ಫೇಸ್‌ಬುಕ್ ಬಿಟ್ಟವರನ್ನು ಅಧ್ಯಯನ ಮಾಡಿದಾಗ ಅವರ ರಾಜಕೀಯ ನಿಲುವುಗಳ ಬಿಗಿ ಸ್ವಲ್ಪ ಸಡಿಲವಾಗಿತ್ತು, ದಿನಕ್ಕೆ ಸುಮಾರು ಒಂದು ಗಂಟೆ ಉಳಿದಿತ್ತು. ಸುದ್ದಿಯ ತಿಳಿವಳಿಕೆಯೂ ಕಡಿಮೆಯಾಗಿತ್ತು. ಲಾಭ-ನಷ್ಟ ಎರಡೂ ಇದೆ.

ನಮ್ಮ ದೇಶದಲ್ಲೇ, 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಬಿಹಾರದಲ್ಲಿ ಸುಮಿತ್ರಾ ಬದ್ರಿನಾಥನ್ ನಡೆಸಿದ ಪ್ರಯೋಗ ಇದೆ. ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಈ ಪ್ರಯೋಗದಲ್ಲಿ, ಮನೆಗೇ ಹೋಗಿ ಸುಮಾರು ಒಂದು ಗಂಟೆ ಸುಳ್ಳು ಸುದ್ದಿ ಗುರುತಿಸುವುದನ್ನು ಹೇಳಿಕೊಟ್ಟರು. ಒಟ್ಟಾರೆ ಹೇಳುವಂಥ ಪರಿಣಾಮ ಕಾಣಲಿಲ್ಲ. ಒಂದು ಗಂಟೆಯ ಪಾಠಕ್ಕಿಂತ ಪಕ್ಷದ ಗುರುತು ಬಲವಾಗಿತ್ತು. ಬಿಹಾರದಲ್ಲೇ ಮುಂದೆ ಸಾವಿರಾರು ಶಾಲಾ ಮಕ್ಕಳಿಗೆ ಹಲವು ತರಗತಿಗಳಲ್ಲಿ ಕಲಿಸಿದಾಗ ಫಲಿತಾಂಶ ಚೆನ್ನಾಗಿ ಬಂತು.

ಮತ್ತೆ ಏನು ಕೆಲಸ ಮಾಡುತ್ತದೆ? 2024ರಲ್ಲಿ ಪ್ರಕಟವಾದ ಒಂದು ಬೃಹತ್ ಅಧ್ಯಯನ 32,000ಕ್ಕೂ ಹೆಚ್ಚು ಅಮೆರಿಕನ್ನರ ಮೇಲೆ 25 ಉಪಾಯಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 23 ಎದುರು ಪಕ್ಷದವರ ಮೇಲಿನ ದ್ವೇಷವನ್ನು ಒಂದಷ್ಟು ತಗ್ಗಿಸಿದವು. ಹೆಚ್ಚು ಫಲ ಕೊಟ್ಟವು ಸರಳವಾದವು: ಎದುರು ಪಕ್ಷದ ಸಾಮಾನ್ಯ, ಒಳ್ಳೆಯ ಮನುಷ್ಯನೊಬ್ಬನನ್ನು ತೋರಿಸುವುದು, ಮತ್ತು ಇಬ್ಬರಿಗೂ ಸೇರಿದ ಒಂದು ಗುರುತನ್ನು ನೆನಪಿಸುವುದು. ಮಯಾಮಿ ನಗರದಲ್ಲಿ ಮನೆಬಾಗಿಲಿಗೆ ಹೋಗಿ ವಾದ ಮಾಡದೆ, "ನಿಮಗೆ ಇಂಥ ಅನುಭವ ಆಗಿದೆಯೇ?" ಎಂದು ಕೇಳಿ ಕಿವಿಗೊಟ್ಟ ಹತ್ತು ನಿಮಿಷದ ಮಾತುಕತೆಗಳ ಪರಿಣಾಮ ಮೂರು ತಿಂಗಳು ಉಳಿದದ್ದನ್ನು ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಾಲಾ 2016ರಲ್ಲಿ ದಾಖಲಿಸಿದರು. ಅಲ್ಲಿ ವಿಷಯ ಪಕ್ಷ ರಾಜಕೀಯವಲ್ಲ, ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹ. ದಾರಿ ಮಾತ್ರ ಅದೇ. ನನ್ನ ಅಭಿಪ್ರಾಯದಲ್ಲಿ ಇದನ್ನು ಗ್ರೂಪಿನಲ್ಲಿ ಮಾಡಲು ಆಗುವುದಿಲ್ಲ. ಇಪ್ಪತ್ತು ಜನ ನೋಡುತ್ತಿರುವಾಗ ಯಾರೂ ಸೋಲಲು ಒಪ್ಪುವುದಿಲ್ಲ. ಗ್ರೂಪಿನಿಂದ ಹೊರಬಂದು ಒಂದು ಫೋನ್ ಮಾಡಿ. "ನಿಮಗೆ ಆ ಪಕ್ಷದಲ್ಲಿ ಏನು ಇಷ್ಟ ಮಾವ?" ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ರಸ್ತೆ, ಪಿಂಚಣಿ, ಹೊಲದ ಬೆಲೆ ಅಥವಾ ಯಾವುದೋ ಹಳೆಯ ಉಪಕಾರದ್ದಾಗಿರುತ್ತದೆ. ಫಾರ್ವರ್ಡ್‌ನಲ್ಲಿ ಇದ್ದದ್ದಲ್ಲ.

ಕಾನೂನು ಏನು ಹೇಳುತ್ತದೆ?

"ಗ್ರೂಪಿನಲ್ಲಿ ರಾಜಕೀಯ ಪೋಸ್ಟ್ ಬಂದರೆ ಅಡ್ಮಿನ್ ಜೈಲಿಗೆ" ಎಂಬ ಫಾರ್ವರ್ಡ್ ಪ್ರತಿ ಚುನಾವಣೆಗೂ ಬರುತ್ತದೆ. ಹಾಗೆ ಯಾವ ಕಾನೂನೂ ಇಲ್ಲ. ಸದಸ್ಯ ಹಾಕಿದ ಆಕ್ಷೇಪಾರ್ಹ ಪೋಸ್ಟ್‌ಗೆ, ಅಡ್ಮಿನ್ ಅದರಲ್ಲಿ ಪಾಲುದಾರ ಅಲ್ಲದಿದ್ದರೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಪಕ್ಷವನ್ನು, ಸರ್ಕಾರವನ್ನು, ಅಭ್ಯರ್ಥಿಯ ಕೆಲಸವನ್ನು ಟೀಕಿಸುವುದೂ ಅಪರಾಧವಲ್ಲ.

ಆದರೆ ಫಾರ್ವರ್ಡ್ ಮಾಡಿದವರು "ನಾನು ಬರೆದದ್ದಲ್ಲ" ಎಂದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಚುನಾವಣೆಗೆ ಸಂಬಂಧಿಸಿದಂತೆ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ವರ್ಗಗಳ ನಡುವೆ ದ್ವೇಷ ಹುಟ್ಟಿಸುವುದು ಜನಪ್ರತಿನಿಧಿ ಕಾಯ್ದೆ, 1951ರ ಸೆಕ್ಷನ್ 125ರ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆಯ ಅಪರಾಧ. ಫಲಿತಾಂಶದ ಮೇಲೆ ಪ್ರಭಾವ ಬೀರಲು ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 175ರಡಿ ದಂಡ ಇದೆ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ಅಂಶ ಮಾದರಿ ನೀತಿ ಸಂಹಿತೆಯಲ್ಲಿದೆ. ಇದರ ಮೊದಲ ರೂಪ ಬಂದದ್ದು 1960ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ. ಒಬ್ಬ ವ್ಯಕ್ತಿಯ ರಾಜಕೀಯ ಅಭಿಪ್ರಾಯ ಪಕ್ಷಗಳಿಗೆ, ಅಭ್ಯರ್ಥಿಗಳಿಗೆ ಎಷ್ಟೇ ಕೋಪ ತರಿಸಿದರೂ, ಅವನು ತನ್ನ ಮನೆಯಲ್ಲಿ ನೆಮ್ಮದಿಯಾಗಿ ಬದುಕುವ ಹಕ್ಕನ್ನು ಗೌರವಿಸಬೇಕು, ಅಭಿಪ್ರಾಯದ ಕಾರಣಕ್ಕೆ ಯಾರ ಮನೆಯ ಮುಂದೆಯೂ ಧರಣಿ, ಪ್ರತಿಭಟನೆ ಮಾಡಕೂಡದು ಎಂದು ಅದು ಹೇಳುತ್ತದೆ. ಟೀಕೆ ಪಕ್ಷದ ನೀತಿ, ಕಾರ್ಯಕ್ರಮ, ಹಿಂದಿನ ಸಾಧನೆಗೆ ಸೀಮಿತವಾಗಬೇಕು, ಖಾಸಗಿ ಬದುಕಿಗೆ ಹೋಗಬಾರದು ಎಂದೂ ಇದೆ. ಅಭ್ಯರ್ಥಿಯಾಗಲಿ, ಅವರ ಒಪ್ಪಿಗೆಯಿಂದ ಬೇರೆಯವರಾಗಲಿ ಮತದಾರನಿಗೆ ಸಾಮಾಜಿಕ ಬಹಿಷ್ಕಾರದ, ಜಾತಿಯಿಂದ ಹೊರಹಾಕುವ ಬೆದರಿಕೆ ಹಾಕಿದರೆ ಅದು ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 123ರ ಪ್ರಕಾರ ಭ್ರಷ್ಟ ಆಚರಣೆ. ಆಯ್ಕೆಯೇ ರದ್ದಾಗಬಹುದು. ಲೋಕಸಭೆ, ವಿಧಾನಸಭೆ ಚುನಾವಣೆಯ ನೀತಿ ಸಂಹಿತೆ ಉಲ್ಲಂಘನೆಯನ್ನು ಫೋಟೋ, ವಿಡಿಯೋ ಸಮೇತ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರಬಹುದು. ನೂರು ನಿಮಿಷದಲ್ಲಿ ಕ್ರಮ ಎಂಬುದು ಆಯೋಗದ ಗುರಿ. ಸಹಾಯವಾಣಿ ಸಂಖ್ಯೆ 1950.

ಕೊನೆಗೆ, ಮತದಾನ ಮುಗಿದ ಮೇಲೂ ಹಳ್ಳಿಗಳಲ್ಲಿ ಹಗೆ ಉಳಿಯಲು ಇರುವ ಒಂದು ಕಾರಣದ ಬಗ್ಗೆ. "ನೀನು ಯಾರಿಗೆ ಹಾಕಿದೆ ಎಂದು ಯಂತ್ರದಿಂದ ಗೊತ್ತಾಗುತ್ತದೆ" ಎಂದು ಹೆದರಿಸುವವರಿದ್ದಾರೆ. ಅದು ಸುಳ್ಳು. ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ಗಾಜಿನ ಹಿಂದೆ ಕಂಡು ಪೆಟ್ಟಿಗೆಯೊಳಗೆ ಬೀಳುತ್ತದೆ, ಅದರಲ್ಲಿ ನಿಮ್ಮ ಹೆಸರಿಲ್ಲ. ಆದರೆ ನಮೂನೆ 20 ಎಂಬ ಫಲಿತಾಂಶ ಪಟ್ಟಿಯಲ್ಲಿ ಮತಗಟ್ಟೆವಾರು ಲೆಕ್ಕ ಬರುತ್ತದೆ. "ನಿಮ್ಮ ಬೂತಿನಲ್ಲಿ ನಮಗೆ ಲೀಡ್ ಬಂದಿಲ್ಲ" ಎಂಬ ಮಾತು ಅಲ್ಲಿಂದ ಬರುವುದು. ಇದನ್ನು ತಪ್ಪಿಸಲು ಹಲವು ಯಂತ್ರಗಳ ಮತ ಒಟ್ಟಿಗೆ ಎಣಿಸುವ 'ಟೋಟಲೈಸರ್' ಎಂಬ ಸಾಧನವನ್ನು ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾಪಿಸಿತ್ತು. ಕಾನೂನು ಆಯೋಗ 2015ರ ವರದಿಯಲ್ಲಿ ಅದನ್ನು ಬೆಂಬಲಿಸಿತು. ಇನ್ನೂ ಜಾರಿಗೆ ಬಂದಿಲ್ಲ. ಊರಿನ ಒಟ್ಟು ಮತ ಗೊತ್ತಾದರೂ ನಿಮ್ಮ ಮತ ಗೊತ್ತಾಗುವುದಿಲ್ಲ. ನೀವು ಯಾರಿಗೆ ಮತ ಹಾಕಿದಿರಿ ಎಂದು ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು ಅದೇ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 94 ಹೇಳುತ್ತದೆ.